ಅಜ್ಜನ ಸೇತುವೆ, ಹಲ್ಲಿನವನ ಹಳಿ

ನಲವತ್ತೆಂಟು ವರ್ಷದ ಗಂಡಸು ಆಟದ ರೈಲು ಓಡಿಸುತ್ತಾನೆ ಎಂದು ನಗುವವರು ನಗಲಿ, ಹಲ್ಲಿನವನಿಗೆ ಅದು ರೂಢಿಯಾಗಿಹೋಗಿತ್ತು. ಅವನ ಕಸುಬು ಕಟ್ಟುಹಲ್ಲು ಮಾಡುವುದು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಇವನು ಗುಲಾಬಿ ಪ್ಲಾಸ್ಟಿಕ್ಕಿನ ವಸಡು ಬೇಯಿಸಿ, ಹಲ್ಲು ಕೂರಿಸಿ, ಅರದಿಂದ ಉಜ್ಜಿ ಕೊಡುತ್ತಿದ್ದ. ಅದು ಮುಗಿದರೆ ಅದೇ ಅರ, ಅದೇ ಭೂತಗನ್ನಡಿ ಹಿಡಿದು ಪುಟಾಣಿ ರೈಲಿನ ಮುಂದೆ ಕೂರುತ್ತಿದ್ದ. ಹಳಿಯ ಮೇಲೆ ಚೂರು ಧೂಳು ಕೂತರೂ ಸಾಕು, ಎಂಜಿನ್ನು ಮುನಿಸಿಕೊಂಡು ನಿಲ್ಲುತ್ತದೆ. ಒರೆಸು, ಓಡಿಸು, ಮತ್ತೆ ನಿಂತಿತು, ತಲೆ ಚಚ್ಚಿಕೋ. ಹತ್ತು ಸಲ ಹೀಗಾಗಿ ಹನ್ನೊಂದನೆಯ ಸಲ, ಹಲಗೆಗೆ ಕೆನ್ನೆ ಒತ್ತಿ ಒಂದು ಕಣ್ಣು ಮುಚ್ಚಿ ನೋಡಿದರೆ, ಬೆರಳುದ್ದದ ಎಂಜಿನ್ನು ನಿಜವಾದ ರೈಲಿನಷ್ಟೇ ಎತ್ತರವಾಗಿ ತಿರುವಿನಲ್ಲಿ ಬಂದುಬಿಡುತ್ತದೆ. ಆ ಒಂದು ಗಳಿಗೆಗಾಗಿ ಉಳಿದ ಪಾಡನ್ನೆಲ್ಲ ಪಡುವುದು.

ಅವನಂಥ ಹುಚ್ಚರು ಇನ್ನೂ ಐದು ಜನ ಇದ್ದರು: ಗಡಿಯಾರ ರಿಪೇರಿಯ ಅಜ್ಜ, ಶಾಲೆಯ ಮೇಷ್ಟ್ರು, ಒಬ್ಬ ಬಸ್ ಕಂಡಕ್ಟರ್, ಮತ್ತಿಬ್ಬರು. ಒಬ್ಬೊಬ್ಬರೂ ಮನೆಯಲ್ಲಿ ಒಂದೊಂದು ಹಲಗೆಯ ಮೇಲೆ ಹಳಿ ಹಾಕಿಕೊಂಡು ಬರುವುದು, ವರ್ಷಕ್ಕೊಮ್ಮೆ ಶಾಲೆಯ ಹಾಲಿನಲ್ಲಿ ಅವನ್ನೆಲ್ಲ ಸೇರಿಸಿ ಜನರಿಗೆ ತೋರಿಸುವುದು. ಎರಡು ಹಳಿಗಳ ನಡುವಿನ ಅಂತರ ಅಳೆಯಲು ಎಲ್ಲರಿಗೂ ಸೇರಿ ಒಂದೇ ಹಿತ್ತಾಳೆಯ ಗೇಜು. ಗಡಿಯಾರದಜ್ಜ ಕೈಯಾರೆ ಮಾಡಿದ್ದು. ಒಬ್ಬರ ಹಲಗೆಯ ಮೇಲೆ ಇನ್ನೊಬ್ಬರು ಗೇಜು ಇಡುವ ಹಾಗಿಲ್ಲ, ಅದು ಅವರಲ್ಲಿ ಮುಖಕ್ಕೆ ಹೊಡೆದಷ್ಟೇ ಅವಮಾನ.

ಈ ವರ್ಷ ಎಲ್ಲರ ಕಣ್ಣೂ ಅಜ್ಜನ ಸೇತುವೆಯ ಮೇಲೆ. ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಕೈ ಮೂರು ವರ್ಷ ಕೂತು ಕಟ್ಟಿದ ಕಬ್ಬಿಣದ ಕಮಾನು, ಅದರ ಮೇಲೆ ಹಳಿಗೆ ಮರದ ಹಾಸು. ಅದರ ಪಕ್ಕಕ್ಕೆ ಹಲ್ಲಿನವನ ಹಲಗೆ. ಪ್ರದರ್ಶನದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಎರಡನ್ನೂ ಸೇರಿಸಿ ಓಡಿಸಿ ನೋಡಿದರು. ರೈಲು ಸೇತುವೆ ದಾಟಿತು, ಕೂಡುವ ಜಾಗಕ್ಕೆ ಬಂದದ್ದೇ ಹಳಿ ತಪ್ಪಿ ಬಿತ್ತು. ಏಳು ಸಲ ಓಡಿಸಿದರು, ಏಳು ಸಲವೂ ಬಿತ್ತು.

"ಅಜ್ಜಂಗೆ ಈಚೆಗೆ ಕೈ ಸ್ವಲ್ಪ ನಡುಗುತ್ತೆ ಅಲ್ವಾ," ಎಂದ ಬಸ್ ಕಂಡಕ್ಟರ್, ಮೆಲ್ಲಗೆ ಅಂದರೂ ಎಲ್ಲರಿಗೂ ಕೇಳಿಸುವ ಹಾಗೆ.

ಮೇಷ್ಟ್ರು ಮಾತು ನುಂಗಿ ನುಂಗಿ ಹೇಳಿದರು. "ನಾಳೆ ಬೆಳಿಗ್ಗೆ ನೋಡೋಣ. ಆಗಲೂ ಬಿದ್ರೆ ಸೇತುವೆ ತೆಗೆದು ಬರೀ ಹಲಗೆ ಹಾಕ್ಬೇಕಾಗುತ್ತೆ, ಅಜ್ಜ."

ಅಜ್ಜ ಸೇತುವೆಗೆ ಗೇಜು ಇಟ್ಟು ನೋಡಿದರು. ಸರಿಯಾಗಿಯೇ ಇತ್ತು. ಆದರೂ ತಮ್ಮ ಕಣ್ಣನ್ನು ತಾವೇ ನಂಬಲಿಲ್ಲ. ಕೂಡುವ ಜಾಗದ ಮೇಲೆ ಕಾಗದವಿಟ್ಟು, ಪೆನ್ಸಿಲಿನಿಂದ ಉಜ್ಜಿ ಎರಡೂ ಕಡೆಯ ಹಳಿಯ ಗುರುತು ತೆಗೆದುಕೊಂಡರು. ಕಾಗದ ಮಡಚಿ ಜೇಬಿಗೆ ಹಾಕಿ, ಸೇತುವೆಯನ್ನು ಮಗುವಿನಂತೆ ಎತ್ತಿಕೊಂಡು ಮನೆಗೆ ಹೋದರು.

ಹಲ್ಲಿನವನಿಗೆ ಆಗ ಒಂದು ಸಂಗತಿ ನೆನಪಾಯಿತು. ಹಲಗೆಯ ಕೊನೆಯ ಒಂದಡಿ ಹಳಿ ಹಾಕುವಾಗ ಹಿತ್ತಾಳೆಯ ಗೇಜು ಕಂಡಕ್ಟರ್ ಮನೆಯಲ್ಲಿತ್ತು. ಎರಡು ದಿನ ಕಾಯುವ ತಾಳ್ಮೆ ಇವನಿಗೆ ಎಲ್ಲಿಂದ ಬರಬೇಕು? ವಸಡಿನ ಗುಲಾಬಿ ಪ್ಲಾಸ್ಟಿಕ್ಕಿನಲ್ಲೇ ಒಂದು ಗೇಜು ಎರಕ ಹೊಯ್ದುಕೊಂಡಿದ್ದ. ಮನೆಗೆ ಬಂದವನೇ ಅದನ್ನು ಅಳೆದ. ಕೂದಲೆಳೆಯಷ್ಟು ಕಿರಿದು. ಆ ಪ್ಲಾಸ್ಟಿಕ್ಕು ಬೆಂದ ಮೇಲೆ ಕುಗ್ಗುತ್ತದೆ. ಇಪ್ಪತ್ತೈದು ವರ್ಷದಿಂದ ದಿನಾ ಬೆಳಗಾದರೆ ಆ ಕುಗ್ಗುವಿಕೆಗೆ ಲೆಕ್ಕ ಹಾಕಿಯೇ ಹಲ್ಲು ಕಟ್ಟುವ ಮಹಾರಾಯನಿಗೆ ಅದು ಮರೆತುಹೋಗಿತ್ತು. ನಾಚಿಕೆಯಿಂದ ಕಿವಿಯವರೆಗೂ ಬಿಸಿಯಾಯಿತು.

ಹೆಂಡತಿಗೆ ಹೇಳಿದ. ಅವಳು, "ಈಗ್ಲೇ ಅಜ್ಜಂಗೆ ಫೋನ್ ಮಾಡಿ," ಎಂದಳು.

"ಬೆಳಿಗ್ಗೆ ಬೇಗ ಹೋಗಿ ನನ್ನ ಹಳಿ ಸರಿ ಮಾಡಿಬಿಡ್ತೀನಿ. ಸರಿಹೋದ ಮೇಲೆ ಹೇಳೋದೇನಿದೆ?"

"ಊರೋರ ಬಾಯಿಗೆಲ್ಲ ಹಲ್ಲು ಕೂರಿಸ್ತೀರ, ನಿಮ್ಮ ಬಾಯಿ ಮಾತ್ರ ಬಿಡಲ್ಲ," ಎಂದು ಅವಳು ಎದ್ದುಹೋದಳು.

ಭಾನುವಾರ ಬೆಳಿಗ್ಗೆ ಆರು ಗಂಟೆಗೇ ಹೋಗಿ ಶಾಲೆಯ ಹಾಲ್ ತೆರೆಸಿದ. ಒಂದಡಿ ಹಳಿ ಕಿತ್ತು, ಅಲ್ಲೇ ಇದ್ದ ಹಿತ್ತಾಳೆಯ ಗೇಜು ಇಟ್ಟು, ಮತ್ತೆ ಮೊಳೆ ಹೊಡೆದ. ಎಲ್ಲ ನಾಜೂಕಾಗಿ ಕೂತಿತು. ಹಾಳು ಮನಸ್ಸು ನೋಡಿ, ಯಾರಿಗೂ ತಿಳಿಯದೆ ಪಾರಾದೆನೆಂದು ಒಂದು ಸಣ್ಣ ಹಾಡು ಗುನುಗುವಷ್ಟು ಹಗುರಾಗಿತ್ತು.

ಎಂಟೂವರೆಗೆ ಅಜ್ಜ ಬಂದರು. ಕಣ್ಣು ಕೆಂಪಗಿತ್ತು, ಬೆರಳುಗಳಿಗೆ ಪಟ್ಟಿ. ಸೇತುವೆ ಸೇರಿಸಿದರು, ರೈಲು ಬಿಟ್ಟರು. ಅದು ಹಲ್ಲಿನವನ ಹಲಗೆ ದಾಟಿ ಸೇತುವೆಗೆ ಕಾಲಿಟ್ಟದ್ದೇ ಮಗುಚಿತು. ತಿರುಗಿಸಿ ಬಿಟ್ಟರೆ ಸೇತುವೆಯ ಮೇಲೇ ಬಿತ್ತು.

"ನಿನ್ನೆಗಿಂತ ಕೆಟ್ಟಿದೆಯಲ್ಲ," ಎಂದ ಕಂಡಕ್ಟರ್.

"ಹೇಗೆ ಸಾಧ್ಯ?" ಅಜ್ಜ ಜೇಬಿನಿಂದ ಕಾಗದ ತೆಗೆದು ಬಿಡಿಸಿದರು. "ಇವನ ಹಳಿಯ ಗುರುತಿಗೆ ಸರಿಯಾಗಿ ಒಂದು ಕಡೆ ಇಡೀ ಹಳಿ ಕಿತ್ತು ಒಳಗೆ ಸರಿಸಿದ್ದೀನಿ. ಇನ್ನೂರು ಮೊಳೆ. ಒಂದೊಂದನ್ನೂ ನೋಡಿ ನೋಡಿ ಹೊಡೆದೆ."

ಹಲ್ಲಿನವನಿಗೆ ಈಗ ಎಲ್ಲ ಗೊತ್ತಾಯಿತು. ತನ್ನ ತಪ್ಪಿಗೆ ಹೊಂದುವಂತೆ ಅಜ್ಜ ತಮ್ಮ ಸರಿಯನ್ನು ಕೆಡಿಸಿಕೊಂಡಿದ್ದರು. ಆ ತಪ್ಪನ್ನು ಇವನು ಬೆಳಿಗ್ಗೆ ಕದ್ದುಮುಚ್ಚಿ ಅಳಿಸಿಹಾಕಿದ್ದ.

ಮೇಷ್ಟ್ರು ಬರೀ ಹಲಗೆ ತರಲು ಬಾಗಿಲ ಕಡೆ ತಿರುಗಿದರು. ಅಜ್ಜ ಇಕ್ಕಳ, ಅರ, ಚಿಮಟ ಒಂದೊಂದೇ ಡಬ್ಬಿಗೆ ಹಾಕತೊಡಗಿದರು. "ಸಾಕು. ಕಣ್ಣು ಒಂದು ಹೇಳುತ್ತೆ, ಕೈ ಒಂದು ಮಾಡುತ್ತೆ. ಮುಂದಿನ ವರ್ಷ ನನ್ನನ್ನ ಲೆಕ್ಕಕ್ಕೆ ಇಟ್ಕೋಬೇಡಿ." ಆಮೇಲೆ ಹಲ್ಲಿನವನ ಭುಜ ಮುಟ್ಟಿದರು. "ನನ್ನಿಂದ ನಿನ್ನ ಹಲಗೆಗೂ ಕೆಟ್ಟ ಹೆಸರು ಬಂತು. ಬೇಜಾರು ಮಾಡ್ಕೋಬೇಡಪ್ಪ."

ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು ಅವನಿಗೆ. ನೆಲ ಯಾಕೆ ಬಿರಿಯುತ್ತದೆ, ಶಾಲೆಯವರು ಗಟ್ಟಿಯಾಗಿಯೇ ಹಾಕಿಸಿದ್ದರು.

"ತಪ್ಪು ನಂದು," ಎಂದ. ಗುಲಾಬಿ ಗೇಜು, ರಾತ್ರಿ ಮಾಡದ ಫೋನು, ಬೆಳಿಗ್ಗೆ ಆರು ಗಂಟೆ, ಎಲ್ಲವನ್ನೂ ಐದು ಜನರೆದುರು ಹೇಳಿದ. ಹೇಳುತ್ತಾ ಹೇಳುತ್ತಾ ತಲೆ ತಗ್ಗುತ್ತಾ ಹೋಯಿತು.

ಕಂಡಕ್ಟರ್ ತನ್ನ ಚಪ್ಪಲಿ ನೋಡುತ್ತಾ ನಿಂತ. ಅಜ್ಜ ಬೈಯಲಿ, ಬೇಕಾದರೆ ಕೆನ್ನೆಗೆ ಒಂದು ಬಿಡಲಿ ಎಂದು ಹಲ್ಲಿನವ ಕಾದ.

"ಹಾಗಾದ್ರೆ ನಿನ್ನೆ ನನ್ನ ಸೇತುವೆ ಸರಿ ಇತ್ತಾ?"

"ಇತ್ತು ಅಜ್ಜ."

"ಕೈ?"

"ಕೈಯೂ ಸರಿ ಇತ್ತು."

ಅಜ್ಜ ಪಟ್ಟಿ ಸುತ್ತಿದ ಬೆರಳುಗಳನ್ನು ಬಿಡಿಸಿ ನೋಡಿಕೊಂಡರು, ತಿರುಗಿಸಿ ನೋಡಿಕೊಂಡರು. ಮುಖ ಅರಳಿತು. ಕಂಡಕ್ಟರ್ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ? ನನ್ನ ಕೈ ಸರಿ ಇದೆಯಂತೆ," ಎಂದರು. ಆಮೇಲೆ ಹಲ್ಲಿನವನ ಎರಡೂ ಕೈ ಹಿಡಿದುಕೊಂಡು, ಉಪಕಾರ ಮಾಡಿದವನಿಗೆ ಹೇಳುವ ಹಾಗೆ, "ಹೇಳಿದ್ಯಲ್ಲ, ಒಳ್ಳೇದಾಯ್ತಪ್ಪ," ಎಂದರು. ಹಲ್ಲಿನವನಿಗೆ ಆ ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ, ಆ ಮುಖ ನೋಡಲೂ ಆಗಲಿಲ್ಲ.