ಒಂದು ಡಬ್ಬಿ ಹೂಳು

"ಎಮ್ಮಿ ಹಂಗ ಮೈ ಬೆಳಸೀದಿ, ಇಪ್ಪತ್ ಕಿಲೋ ಹೊರಾಕ ಆಗೂದಿಲ್ಲೇನ ರಂಡೆ?"

ಗುತ್ತಿಗೆದಾರ ಅಂದಾನಪ್ಪ ಹೊಂಡದ ದಂಡೆಯಲ್ಲಿ, ನೆರಳಿಗೆ ನಿಲ್ಲಿಸಿದ ಕಾರಿನ ಬಾಗಿಲು ತೆರೆದು ಕೂತಲ್ಲಿಂದಲೇ ಕೂಗಿದ. ಹತ್ತನೇ ಮೆಟ್ಟಿಲಲ್ಲಿ ಡಬ್ಬಿ ಇಳಿಸಿ ಏದುಸಿರು ಬಿಡುತ್ತಿದ್ದವಳು ಕೆಂಚವ್ವ. ಅರವತ್ತರ ಹೆಂಗಸು, ಮೂಗಿನಿಂದ ರಕ್ತ ಇಳಿಯುತ್ತಿತ್ತು.

ಗುಡ್ನಾಪುರದಾಚೆಯ ನಮ್ಮೂರಿನ ಗುಡಿ ಹೊಂಡಕ್ಕೆ ಜೆಸಿಬಿ ಇಳಿಯುವುದಿಲ್ಲ. ಇಳಿಯುವವರು ನಮ್ಮ ಕೇರಿಯ ಹನ್ನೊಂದು ಹೆಂಗಸರು. ಎಣ್ಣೆಯ ಖಾಲಿ ಡಬ್ಬಿಗೆ ಹೂಳು ತುಂಬಿ, ತಲೆಯ ಮೇಲಿಟ್ಟುಕೊಂಡು ಮೂವತ್ತೆರಡು ಮೆಟ್ಟಿಲು ಹತ್ತಬೇಕು. ಕೆಲಸ ಮುಗಿದ ಮೇಲೆ ಹೊಂಡವನ್ನು ಶುದ್ಧಿ ಮಾಡಿಸುತ್ತಾರಂತೆ. ನಾವು ಇಳಿದಿದ್ದೇವಲ್ಲ, ಅದಕ್ಕೆ.

ಮೊದಲ ವಾರ ಮೇಲಿನ ಒಣಮಣ್ಣು, ಹೇಗೋ ಹೊತ್ತೆವು. ಈಗ ತಳದ ಕರಿ ರಾಡಿ.

"ಸಾವ್ಕಾರ್ರ, ಇದು ಇಪ್ಪತ್ತಲ್ರಿ. ಇಪ್ಪತ್ತೆಂಟು ಕಿಲೋ ಐತ್ರಿ," ಎಂದೆ.

"ಏ ಶಿಲ್ಪಾ, ಹೋದ ವಾರನೂ ಇದ ಡಬ್ಬಿ, ಈಗೂ ಇದ ಡಬ್ಬಿ. ತೂಕ ಹೆಂಗ ಹೆಚ್ಚಾತು?"

ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕಲಿತದ್ದನ್ನು ಬಿಟ್ಟಿಲ್ಲ. ಊಟದ ಹೊತ್ತಿನಲ್ಲಿ ಒಂದು ಲೀಟರ್ ಬಾಟಲಿಗೆ ರಾಡಿ ತುಂಬಿ, ಗುಡಿ ಮುಂದಿನ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಿದ್ದೆ. ಒಣಮಣ್ಣನ್ನೂ ಹಾಗೇ ತೂಗಿದ್ದೆ.

"ಡಬ್ಬಿ ಹದಿನಾರು ಲೀಟರ್ ಹಿಡಿತೈತ್ರಿ. ಒಣಮಣ್ಣು ಲೀಟರಿಗೆ ಒಂದೂಕಾಲು ಕಿಲೋ, ಅಲ್ಲಿಗೆ ಇಪ್ಪತ್ತು. ಈ ರಾಡಿ ಲೀಟರಿಗೆ ಒಂದೂಮುಕ್ಕಾಲು, ಹದಿನಾರಕ್ಕ ಇಪ್ಪತ್ತೆಂಟಾತು. ಮುಕ್ಕಾಲು ಡಬ್ಬಿ ತುಂಬತೀವ್ರಿ."

ಅಂದಾನಪ್ಪ ನಕ್ಕ. "ರಾಡಿ ಹೊರೂ ಜಾತಿಗೆ ಲೆಕ್ಕ ಬ್ಯಾರೆ ಕಲಿಸ್ಯಾರ! ಕಂಠಮಟ ತುಂಬಿ ತರ್ರಿ. ಇಲ್ಲಾಂದ್ರ ನಾಳಿಂದ ಆ ಮುದುಕಿ ಈ ಕಡಿ ಕಾಲ ಇಡೂದು ಬ್ಯಾಡ."

ಕೆಂಚವ್ವನ ಮನೆಯಲ್ಲಿ ದುಡಿಯುವವರು ಇನ್ಯಾರೂ ಇಲ್ಲ. ಅದು ಗೊತ್ತಿದ್ದೇ ಆಡಿದ ಮಾತು. ಇಂಥವನ ಬಾಯಿಗೆ ಹುಳ ಬೀಳಬಾರದೇ ಅನ್ನಿಸಿತು.

ಕೆಂಚವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಡಬ್ಬಿಯಿಂದ ಒಂದಿಷ್ಟು ರಾಡಿ ಚೆಲ್ಲಲು ನಾನು ಬಗ್ಗಿದರೆ ಕೈ ಹಿಡಿದಳು.

"ಬ್ಯಾಡವ್ವಾ, ತುಂಬೇ ಇರ್ಲಿ. ತಲಿಮ್ಯಾಲ ಹೊರಸು."

ಹೊರಿಸಿದೆ. ಒಂದೊಂದೇ ಮೆಟ್ಟಿಲು ನಿಂತು ನಿಂತು ಹತ್ತಿದಳು. ಬಿದ್ದರೆ ಹಿಡಿಯಲೆಂದು ನಾನು ಹಿಂದೆಯೇ ಹತ್ತಿದೆ. ಮೇಲೆ ಹೋದವಳು ಹೂಳಿನ ರಾಶಿಯ ಕಡೆ ತಿರುಗಲಿಲ್ಲ, ನೆಟ್ಟಗೆ ಕಾರಿನತ್ತ ನಡೆದಳು.

"ಏಯ್, ರಾಶಿ ಆ ಕಡಿ ಐತಿ! ಕಣ್ಣ ಹೋಗ್ಯಾವೇನ?"

ಕೆಂಚವ್ವ ಬಗ್ಗಿ, ಡಬ್ಬಿಯನ್ನು ಅವನ ತೊಡೆಯ ಮೇಲಿಟ್ಟಳು. ಎರಡೂ ಕೈಯಿಂದ ಅಂಚು ಹಿಡಿದು ಅದುಮಿದಳು. ರಾಡಿ ಅವನ ಬಿಳಿ ಪ್ಯಾಂಟಿನ ಮೇಲೆ ತುಳುಕಿತು. ಏಳಲು ನೋಡಿದ, ಸ್ಟೇರಿಂಗಿಗೂ ಸೀಟಿಗೂ ನಡುವೆ ಸಿಕ್ಕಿಕೊಂಡಿದ್ದ.

"ಇಳಸ್ರಲೇ! ಕಾಲ ಮುರಿತೈತಿ, ಯಾರರೆ ಇಳಸ್ರಲೇ!"

ಕೆಳಗಿದ್ದವರೂ ಮೇಲೆ ಬಂದಿದ್ದರು, ನಾವು ಹತ್ತು ಮಂದಿ ಅಲ್ಲೇ ನಿಂತಿದ್ದೆವು. ಒಬ್ಬಳೂ ಕದಲಲಿಲ್ಲ.

"ಎಷ್ಟ್ ಕಿಲೋ ಐತಿ?" ಎಂದಳು ಕೆಂಚವ್ವ. "ಹೇಳು."