ಹಿಡಿ ಹುಲ್ಲು

ಮನ್‌ಫ್ರೆದೊ ಸತ್ತು ಒಂಬತ್ತು ವಾರವಾಗಿತ್ತು. ಇನ್ನೂ ಮಣ್ಣಾಗಿರಲಿಲ್ಲ.

ಅವನ ಹೆಣದ ಪೆಟ್ಟಿಗೆ ಅವನದೇ ಪಿಯೆತ್ರಾನೇರ ಕೋಟೆಯ ಹೇಸರಗತ್ತೆಗಳ ಲಾಯದಲ್ಲಿತ್ತು. ಅಕ್ರೋಟು ಮರದ ಹಲಗೆ, ಒಳಗೆ ಉಪ್ಪು, ಸಂದುಗಳಿಗೆಲ್ಲ ರಾಳ. ಚರ್ಚಿನೊಳಗೆ ಇಡುವಂತಿರಲಿಲ್ಲ. ಚಕ್ರವರ್ತಿಯ ಕಡೆ ನಿಂತು ಕತ್ತಿ ಹಿಡಿದವರನ್ನೆಲ್ಲ ಪೋಪರು ಕ್ರೈಸ್ತ ಸಭೆಯಿಂದ ಹೊರಗೆ ಹಾಕಿದ್ದರು. ಹೊರಗೆ ಹಾಕಿದವನ ಜೊತೆ ಉಣ್ಣಬಾರದು, ಮಾತಾಡಬಾರದು. ಸತ್ತರೆ ಹರಸಿದ ನೆಲಕ್ಕೆ ಇಳಿಸಬಾರದು. ಉಣ್ಣುವುದಕ್ಕೆ, ಮಾತಾಡುವುದಕ್ಕೆ ಹೆಂಡತಿ ಮಕ್ಕಳಿಗೆ, ಮನೆಯ ಆಳುಗಳಿಗೆ ಮಾತ್ರ ವಿನಾಯಿತಿ. ನೆಲದ ವಿಷಯದಲ್ಲಿ ಯಾರಿಗೂ ಇಲ್ಲ.

ಅವನ ಹೆಂಡತಿ ರಿಕಿಲ್ದಾ ದಿನಾ ಬೆಳಿಗ್ಗೆ ಲಾಯಕ್ಕೆ ಹೋಗಿ ಪೆಟ್ಟಿಗೆಯ ಪಕ್ಕ ಕೂರುತ್ತಿದ್ದಳು. ಅಳುತ್ತಿರಲಿಲ್ಲ. ದೊರೆಸಾನಿಗೆ ಎದೆಯೇ ಇಲ್ಲವೆಂದು ಅಡುಗೆಯವರು ಮಾತಾಡಿಕೊಂಡರು. ಅವಳಿಗೂ ಹಾಗೇ ಅನ್ನಿಸಿತ್ತು.

ಮಣ್ಣು ಮಾಡುವುದು ಕಷ್ಟವಿರಲಿಲ್ಲ. ಚಕ್ರವರ್ತಿಯ ಪಕ್ಷದಲ್ಲೂ ಬಿಷಪ್ಪರಿದ್ದರು, ಹೇಳಿಕಳಿಸಿದರೆ ಬರುತ್ತಿದ್ದರು. ಆದರೆ ವೀಕೊ ಹಳ್ಳಿಯ ಮುದುಕ ಜಮೀನುದಾರನಿಗೆ ಆದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಚಕ್ರವರ್ತಿಯ ಬಿಷಪ್ಪರು ಅವನನ್ನು ಹೂಳಿದರು. ಪೋಪರ ಕಡೆಯವರು ಬಂದು ಅಗೆದು ದಾರಿಯ ಬದಿಗೆ ಎಸೆದರು. ಮತ್ತೆ ಇವರು ಹೂಳಿದರು, ಮತ್ತೆ ಅವರು ಅಗೆದರು. ಕೊನೆಯ ಸಲ ಅವನ ಮಗಳು ಸೆರಗಿನಲ್ಲಿ ಎಲುಬು ಆರಿಸಿಕೊಂಡು ಹೋದಳು.

ರಿಕಿಲ್ದಾಳಿಗೆ ಬೇಕಾಗಿದ್ದುದು ಒಂದೇ. ಕೋಟೆಯ ಚರ್ಚಿನ ಹಿಂದೆ, ಎರಡು ವರ್ಷ ಬದುಕಿದ ಮಗಳ ಪಕ್ಕದಲ್ಲಿ, ಯಾರೂ ಅಗೆಯದ ಒಂದು ಗುಂಡಿ. ಅದಕ್ಕೆ ಎರಡೂ ಕಡೆಯವರು ಆ ಗುಂಡಿಯ ಹತ್ತಿರ ನಿಲ್ಲಬೇಕು.

ಅವಳ ಕೈಯಲ್ಲೂ ಒಂದು ವಸ್ತುವಿತ್ತು. ಪಿಯೆತ್ರಾನೇರ ಕೂತಿರುವುದು ಕಣಿವೆಯ ಗಂಟಲಿನಲ್ಲಿ. ಬಡಗಣ ಬಯಲಿನಲ್ಲಿ ಬೀಡುಬಿಟ್ಟ ಚಕ್ರವರ್ತಿಯ ಸೈನ್ಯ ಹಿಮ ಬೀಳುವ ಮೊದಲು ಬೆಟ್ಟ ದಾಟಬೇಕಾದರೆ ಈ ಕೋಟೆಯ ಬಾಗಿಲಿನಿಂದಲೇ ದಾಟಬೇಕು. ಬೀಗದ ಕೈಯನ್ನು ಅವಳು ಗಂಡನ ಸೊಂಟದಿಂದ ಬಿಚ್ಚಿ ತನ್ನ ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಒಂಬತ್ತು ವಾರದಿಂದ ಬೆಟ್ಟ ದಾಟಲು ಯಾರಿಗೂ ತೆರೆದಿರಲಿಲ್ಲ, ಚೆಸ್ಟ್‌ನಟ್ ಕಾಯಿ ಹೊರುವ ಹಳ್ಳಿಯವರಿಗೆ ಬಿಟ್ಟು.

ಅಕ್ಟೋಬರ್ ಮುಗಿಯುವ ಹೊತ್ತಿಗೆ ಎರಡೂ ಕಡೆಯವರು ಒಂದೇ ದಿನ ಬಂದರು.

ಮೊದಲು ಬಂದವನು ಮೈದುನ ಉಬಾಲ್ದೊ, ಚಕ್ರವರ್ತಿಯ ಹನ್ನೆರಡು ಸವಾರರೊಂದಿಗೆ. ಅವನೂ ಸಭೆಯಿಂದ ಹೊರಗಾದವನೇ. ಹುಟ್ಟಿದ ಮನೆಯ ಅಂಗಳದಲ್ಲಿ, ನೀರಿನ ಕಲ್ಲುತೊಟ್ಟಿಯ ಮೇಲೆ ಕೂತ. ಮಧ್ಯಾಹ್ನಕ್ಕೆ ಹಿಂಬಾಗಿಲಿನಿಂದ ಪೋಪರ ದೂತ ದಿಯೋದಾತೊ ಬಂದರು. ಸಣಕಲು ಮೈ, ವಿಪರೀತ ನೆಗಡಿ. ಮೇಲಿನ ಹಜಾರದಲ್ಲಿ ಕಂಬಳಿ ಹೊದ್ದು ಕೂತರು.

ದೂತರು ಉಬಾಲ್ದೊ ಜೊತೆ ಮಾತಾಡುವಂತಿಲ್ಲ. ಅತ್ತಿಗೆಯೂ ಮಾತಾಡುವಂತಿಲ್ಲ. ಉಳಿದವಳು ಬೋನಾ. ಅಣ್ಣತಮ್ಮಂದಿರಿಬ್ಬರಿಗೂ ಹಾಲೂಡಿಸಿದ ಮುದುಕಿ, ಆಳುಗಳ ಪೈಕಿ. ಇಪ್ಪತ್ತೆಂಟು ಮೆಟ್ಟಿಲು ಹತ್ತಿ ಇಳಿಯುವ ಕೆಲಸ ಅವಳ ಪಾಲಿಗೆ ಬಂತು.

"ಸ್ವಾಮಿಗಳು ಕೇಳ್ತಾರೆ, ಅಂಗಳದಲ್ಲಿರೋ ಕುದುರೆಗಳು ಯಾರವು ಅಂತ."

"ಕುದುರೆ ಜೊತೆ ಮಾತಾಡೋಕೆ ಅವರಿಗೆ ಪೋಪರ ಅಪ್ಪಣೆ ಇದೆಯಾ ಅಂತ ಕೇಳು," ಎಂದ ಉಬಾಲ್ದೊ.

ಬೋನಾ ಹತ್ತಿ ಬಂದಳು. "ಚಕ್ರವರ್ತಿಗಳ ಕುದುರೆಗಳಂತೆ, ಸ್ವಾಮಿ."

"ಅಷ್ಟೇ ಹೇಳಿದನಾ? ನನಗೆ ಬೇರೇನೋ ಕೇಳಿಸ್ತು."

"ಹೊರಗೆ ಹಾಕಿದವರ ಮಾತು ಕೇಳಿಸ್ಕೊಳ್ಳಬಹುದಾ, ಸ್ವಾಮಿ?"

ದೂತರು ಸೀನಿದರು.

ಇನ್ನೊಮ್ಮೆ ಹತ್ತಿ ಬಂದಾಗ ಬೋನಾ ಮೆಟ್ಟಿಲ ಮೇಲೇ ಕುಸಿದು ಕೂತು ಒದರಿದಳು. "ನಾಳೆ ಬೆಳಿಗ್ಗೆ ಅವರ ಬಿಷಪ್ಪರು ಬರ್ತಾರಂತೆ. ಗಂಟೆ, ಮೇಣದಬತ್ತಿ, ಹಾಡೋಕೆ ನಲವತ್ತು ಜನ. ಅಣ್ಣನ್ನ ದೊರೆ ಥರ ಕಳಿಸೋಣ, ಅತ್ತಿಗೆ ಬೀಗದ ಕೈ ಕೊಟ್ಟರೆ ಸಾಕು ಅಂತಾನೆ. ನನ್ನ ಮೊಣಕಾಲಿಗೂ ಅವರೇ ಬಂದು ಪ್ರಾರ್ಥನೆ ಮಾಡ್ಲಿ."

"ಆ ಬಿಷಪ್ಪ ಹೂಳಿದ್ದನ್ನ ನಾವು ತೆಗೆಸ್ತೀವಿ," ಎಂದರು ದೂತರು.

"ನೀವು ಹೂಳಿದ್ದನ್ನ ಅವರು ತೆಗೆಸ್ತಾರೆ," ಎಂದಳು ರಿಕಿಲ್ದಾ.

ದೂತರು ಅವಳನ್ನು ಒಳಕೋಣೆಯ ಒಲೆಯ ಹತ್ತಿರ ಕರೆದರು. ಅಂಗಳ ಅಲ್ಲಿಗೆ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ.

"ನೋಡು ಮಗಳೇ. ಚಕ್ರವರ್ತಿಯ ಸೈನ್ಯ ಬೆಟ್ಟ ದಾಟಬಾರದು. ನನಗೆ ಬೇಕಾಗಿರೋದು ಅಷ್ಟೇ. ಸತ್ತವನನ್ನ ಮತ್ತೆ ಸಭೆಗೆ ಸೇರಿಸಿಕೊಳ್ಳೋ ಅಧಿಕಾರ ನನಗಿದೆ. ಆದರೆ ಸುಮ್ಮನೆ ಆಗಲ್ಲ. ಸಾಯೋ ಮೊದಲು ಪಶ್ಚಾತ್ತಾಪ ಪಟ್ಟಿದ್ದ ಅನ್ನೋದಕ್ಕೆ ಏನಾದರೂ ಗುರುತು ಬೇಕು."

"ಅವರನ್ನ ತೊಳೆದದ್ದು ನಾನೇ," ಎಂದಳು ಅವಳು. "ಬಾಯಲ್ಲಿ ಹುಲ್ಲಿತ್ತು."

ದೂತರು ಕಂಬಳಿ ಸರಿಸಿ ನೆಟ್ಟಗೆ ಕೂತರು. ಪಾದ್ರಿ ಸಿಗದ ರಣದಲ್ಲಿ ಸಾಯುವವನು ಮೂರು ಎಸಳು ಹುಲ್ಲು ಕಿತ್ತು ಬಾಯಿಗಿಟ್ಟುಕೊಂಡರೆ ಅದೇ ಪರಮಪ್ರಸಾದ, ಅದೇ ಪಾಪನಿವೇದನೆ. ತಂದೆ, ಮಗ, ಪವಿತ್ರಾತ್ಮನ ಹೆಸರಿಗೆ ಒಂದೊಂದು ಎಸಳು. ಕತ್ತಿ ಹಿಡಿಯುವ ಮನೆಗಳಲ್ಲಿ ಇದು ಮಕ್ಕಳಿಗೂ ಗೊತ್ತು.

"ಮೂರು ಎಸಳಾ?"

ಬಾಗಿಲಲ್ಲಿ ನಿಂತಿದ್ದ ಬೋನಾ ಜೋರಾಗಿ ಕೆಮ್ಮಿದಳು. ಮೂರು ಎನ್ನಬೇಕೆಂದು ಕಣ್ಣಲ್ಲೇ ಹೇಳಿದಳು.

ರಿಕಿಲ್ದಾ ತನ್ನ ಕೈ ನೋಡಿಕೊಂಡಳು. ಒಂದು ಮಾತು. ಸುಲಭವಾದ ಮಾತು. ಆದರೆ ನಾಳೆ ಸಂತರ ಎಲುಬಿನ ಮೇಲೆ ಕೈಯಿಟ್ಟು ಆಣೆ ಮಾಡಿ ಅದನ್ನೇ ಹೇಳಬೇಕು, ಮತ್ತು ಆ ಸುಳ್ಳಿನ ಮೇಲೆ ಗಂಡನನ್ನು ಮಲಗಿಸಬೇಕು.

"ಅಲ್ಲ, ಸ್ವಾಮಿಗಳೇ. ಒಂದು ಹಿಡಿ. ಬೇರು, ಮಣ್ಣು ಸಮೇತ. ಬೆರಳು ಹಾಕಿ ತೆಗೆದೆ."

ದೂತರು ಹಿಂದಕ್ಕೆ ಒರಗಿದರು. "ಹಾಗಾದರೆ ಮುಖ ಅಡಿಯಾಗಿ ಬಿದ್ದಿರಬೇಕು. ಬಿದ್ದವನ ಬಾಯಿಗೆ ಹುಲ್ಲು ಹೋಗುತ್ತೆ. ಪಕ್ಕದಲ್ಲಿ ಯಾರಿದ್ದರು?"

"ಉಬಾಲ್ದೊ ಒಬ್ಬನೇ."

"ಹೊರಗಿನವನ ಆಣೆ ನಡೆಯಲ್ಲ." ಕಂಬಳಿ ಎಳೆದುಕೊಂಡು ಮೆಲ್ಲಗೆ ಅಂದರು. "ನೀನು ಮೂರು ಅಂದಿದ್ದರೆ ನಾನು ಮತ್ತೆ ಕೇಳ್ತಿರಲಿಲ್ಲ."

"ಗೊತ್ತು," ಎಂದಳು ರಿಕಿಲ್ದಾ.

ಅವಳು ಎದ್ದು ಮೆಟ್ಟಿಲ ಕಡೆ ನಡೆದಳು. ಬೋನಾ ಅಡ್ಡ ನಿಂತಳು.

"ಎಲ್ಲಿಗೆ ಅವ್ವಾ? ನೀವು ಅವನ ಹೆಂಡತಿ ಅಲ್ಲ, ಅತ್ತಿಗೆ. ಒಂದು ಮಾತಾಡಿದ್ರೂ ನೀವೂ ಹೊರಗೆ. ಆಳುಗಳಿಗೆ ಮಾತ್ರ ಬಿಟ್ಟಿರೋದು."

"ಒಂಬತ್ತು ವಾರದಿಂದ ಲಾಯದಲ್ಲೇ ಇದೀನಲ್ಲ, ಬೋನಾ. ದಾರಿ ಬಿಡು."

ಉಬಾಲ್ದೊ ತೊಟ್ಟಿಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ. ಅವಳನ್ನು ಕಂಡು ಎದ್ದ. ಸವಾರರು ಮಾತು ನಿಲ್ಲಿಸಿದರು.

"ಅತ್ತಿಗೆ, ಮೇಲೆ ಹೋಗಿ. ಆ ಮೂಗುಸೋರ ಕಿಟಕೀಲಿ ನೋಡ್ತಿದಾನೆ."

"ನೋಡ್ಲಿ ಬಿಡು. ಅವರು ಸಾಯೋವಾಗ ನೀನು ಪಕ್ಕದಲ್ಲಿದ್ದೆ."

"ಹೇಳಿದ್ದೆನಲ್ಲ. ಚಕ್ರವರ್ತಿಗಳ ಹೆಸರು ಹೇಳಿ ಕಣ್ಣು ಮುಚ್ಚಿದ."

"ಅದು ಸೈನ್ಯದ ಬೀಡಿನವರಿಗೆ ಹೇಳಿದ್ದು. ನನಗೆ ಹೇಳು. ಅವರ ಬಾಯಲ್ಲಿ ಹುಲ್ಲಿತ್ತು. ಹೇಗೆ ಬಂತು?"

ಅವನು ರೊಟ್ಟಿಯನ್ನು ಕಲ್ಲಿನ ಮೇಲಿಟ್ಟ. ಸವಾರರ ನಾಯಕನತ್ತ ಒಮ್ಮೆ ನೋಡಿದ. "ಬಿದ್ದಾಗ ಹೋಗಿರಬೇಕು."

"ಮುಖ ಅಡಿಯಾಗಿ ಬಿದ್ದರಾ?"

ಅವನು ರೊಟ್ಟಿಯನ್ನು ಆಚೆ ಸರಿಸಿದ.

"ಉಬಾಲ್ದೊ, ಅವರು ಹೇಸರಗತ್ತೆಗಳ ನಡುವೆ ಇದಾರೆ. ಅವು ಪೆಟ್ಟಿಗೆಗೆ ಒದೀತವೆ. ರಾಳ ಬಿಟ್ಟುಕೊಂಡಾಗೆಲ್ಲ ನಾನೇ ಹಚ್ತೀನಿ."

"ಅಂಗಾತ ಬಿದ್ದಿದ್ದ," ಎಂದ ಅವನು. "ಕೈ ಎತ್ತೋಕಾಗ್ತಿರಲಿಲ್ಲ. ಹುಲ್ಲು ಕೊಡೋ ಅಂದ. ನಾನು ಬೈದೆ. ಥೂ, ಆ ಪೋಪನಿಗೆ ಸಾಯೋವಾಗ ಶರಣಾಗ್ತೀಯಾ ಅಂದೆ. ಮತ್ತೆ ಕೇಳ್ದ. ಮೂರೇ ಎಸಳು ಕೀಳೋಣ ಅಂದ್ರೆ ನನ್ನ ಕೈ ನಿಲ್ತಿರಲಿಲ್ಲ ಅತ್ತಿಗೆ. ಒಂದು ಹಿಡಿ ಬಂತು, ಬುಡ ಸಮೇತ, ಮಣ್ಣು ಸಮೇತ. ಹಾಗೇ ತುರುಕಿದೆ."

"ಆಮೇಲೆ?"

"ಅಷ್ಟೊಂದು ಬೇಡ ಕಣೋ ಅಂದ. ಅದೇ ಕೊನೇ ಮಾತು."

ರಿಕಿಲ್ದಾ ಕಲ್ಲುತೊಟ್ಟಿಯ ಅಂಚನ್ನು ಹಿಡಿದುಕೊಂಡಳು. ಊಟಕ್ಕೆ ಕೂತು, ಅವಳು ಬಡಿಸುವಾಗ, ಅವನು ದಿನಾ ಅನ್ನುತ್ತಿದ್ದ ಮಾತು ಅದು. ಅಷ್ಟೊಂದು ಬೇಡ. ಒಂಬತ್ತು ವಾರದಲ್ಲಿ ಅವನ ದನಿ ಅವಳಿಗೆ ಕೇಳಿಸಿದ್ದು ಇದೇ ಮೊದಲು.

ಮೇಲೆ ಕಿಟಕಿಯಲ್ಲಿ ದೂತರು ಎದ್ದು ನಿಂತಿದ್ದರು.

"ಬೋನಾ! ಕೆಳಗಿರೋ ಮನುಷ್ಯನಿಗೆ ಹೇಳು. ಹಿಡಿ ಹುಲ್ಲು, ಬೇರು, ಮಣ್ಣು ಅಂತ ಈ ಹೆಣ್ಣುಮಗಳು ನನಗೆ ಆಗಲೇ ಹೇಳಿದ್ದಳು. ಅವನಿಗೆ ಅದು ಗೊತ್ತಿರಲಿಲ್ಲ. ಅವನು ಬೂಟು ಬಿಚ್ಚಿ ಬರಿಗಾಲಲ್ಲಿ ತಪ್ಪಾಯಿತು ಅಂದರೆ, ಮತ್ತೆ ಸಭೆಗೆ ಸೇರಿಸಿಕೊಂಡು ಅವನ ಆಣೆ ತಗೋತೀನಿ. ಬೂಟು ಹಾಕ್ಕೊಂಡು ಹೇಳಿದ್ದು ನನಗೆ ಕೇಳಿಸಿಯೇ ಇಲ್ಲ."

"ಇಷ್ಟು ಜೋರಾಗಿ ಕೂಗಿದ ಮೇಲೆ ನಾನು ಯಾಕೆ ಇಳೀಲಿ?" ಎಂದಳು ಬೋನಾ.

ಸವಾರರ ನಾಯಕ ಕುದುರೆಯ ಪಟ್ಟಿ ಬಿಗಿಯತೊಡಗಿದ. "ಒಡೆಯಾ, ನೀವು ಬೂಟು ಬಿಚ್ಚಿದ್ರೆ ನಾವು ಹೊರಟ್ವಿ. ಬಯಲುಸೀಮೆಯಲ್ಲಿರೋ ನಿಮ್ಮ ಭೂಮಿ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ."

ಉಬಾಲ್ದೊ ರಿಕಿಲ್ದಾಳತ್ತ ತಿರುಗಿದ. "ಅತ್ತಿಗೆ, ನೀವು ಬಿಚ್ಚು ಅನ್ನಿ."

"ಅನ್ನಲ್ಲ. ಹೋಗೋದು ನಿನ್ನ ಭೂಮಿ, ನನ್ನದಲ್ಲ. ನಿನ್ನ ಆಣೆ ನನಗೆ ಬೇಕು ಅಂತ ಮಾತ್ರ ಹೇಳ್ತೀನಿ."

ಅವನು ಕೂತು ಬಲಗಾಲಿನ ಬೂಟು ಎಳೆದ. ಎಡಗಾಲಿನದು ಒದ್ದೆಯಾಗಿ ಕಚ್ಚಿಕೊಂಡಿತ್ತು. ಬೋನಾ ಕೊನೆಗೂ ಇಳಿದು ಬಂದಳು.

"ಚಿಕ್ಕಂದಿನಿಂದ ಇದೇ ಗೋಳು ನಿಂದು. ಹಿಂದಕ್ಕೆ ಒರಗು. ಒರಗೋ!" ಎರಡೂ ಕೈಯಲ್ಲಿ ಹಿಡಿದು ಎಳೆದಳು. ಬೂಟಿನ ಜೊತೆ ತಾನೂ ಹಿಂದಕ್ಕೆ ಬಿದ್ದಳು. ಯಾರೂ ನಗಲಿಲ್ಲ.

ಸವಾರರು ಹೊರಟರು. ಇನ್ನು ಅವರ ಬಿಷಪ್ಪರು ಬರುವ ಮಾತೂ ಇರಲಿಲ್ಲ. ಉಬಾಲ್ದೊನ ಕುದುರೆ ಚಕ್ರವರ್ತಿಯದೆಂದು ಅದನ್ನೂ ಹಿಡಿದುಕೊಂಡು ಹೋದರು. ರಿಕಿಲ್ದಾ ನಾಯಕನನ್ನು ತಡೆದಳು.

"ನಿಮ್ಮ ಒಡೆಯರಿಗೆ ಹೇಳಿ. ಹಿಮ ಕರಗೋ ತನಕ ಈ ಬಾಗಿಲು ತೆರೆಯಲ್ಲ. ಆ ಕಡೆಯವರಿಗೂ ತೆರೆಯಲ್ಲ. ಕಾಯಿ ಹೊರೋರಿಗೆ ಮಾತ್ರ."

ದೂತರು ಕೆಳಗಿಳಿದು ಬಂದಿದ್ದರು. "ನಮಗೂ ಇಲ್ಲವಾ ಮಗಳೇ? ಇಷ್ಟೆಲ್ಲ ಆದ ಮೇಲೂ?"

"ಚಕ್ರವರ್ತಿಗಳು ದಾಟಬಾರದು ಅಂದ್ರಿ, ದಾಟಲ್ಲ. ಕತ್ತಿ ಇರೋರು ಯಾರೂ ದಾಟಲ್ಲ."

ಅವರು ಅವಳನ್ನು ನೋಡಿದರು, ಮೂಗು ಒರೆಸಿಕೊಂಡರು. "ಸರಿ. ನೀನೂ ಅವನ ಪಕ್ಕ ನಿಲ್ಲು. ಹೊರಗಿನವನ ಜೊತೆ ಮಾತಾಡಿದ್ದೀಯ. ನಿನ್ನ ಬೂಟೂ ಬಿಚ್ಚು."

ಇಬ್ಬರೂ ಬರಿಗಾಲಲ್ಲಿ ತಣ್ಣನೆಯ ಕಲ್ಲಿನ ಮೇಲೆ ನಿಂತರು. ದೂತರು ಸ್ತೋತ್ರ ಹೇಳುತ್ತಾ ಬೆತ್ತದಿಂದ ಒಬ್ಬೊಬ್ಬರ ಹೆಗಲು ಮುಟ್ಟಿದರು. ಆಮೇಲೆ ಚರ್ಚಿನಲ್ಲಿ ಉಬಾಲ್ದೊ ಸಂತರ ಎಲುಬಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು ಹೇಳಿದ. ಅಂಗಳದಲ್ಲಿ ಹೇಳಿದ್ದನ್ನೇ ಹೇಳಿದ, ಬೈದದ್ದನ್ನೂ ಬಿಡದೆ.

ಮರುದಿನ ಬೆಳಿಗ್ಗೆ ಅಗೆಯಲು ಶುರುಮಾಡಿದರು. ಹಳ್ಳಿಯ ಇಬ್ಬರು ಆಳುಗಳು, ಅವರ ಜೊತೆ ಉಬಾಲ್ದೊ. ಬೇಡವೆಂದರೂ ಗುದ್ದಲಿ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗುಂಡಿ ಎದೆಯ ಮಟ್ಟಕ್ಕೆ ಬಂದಿತ್ತು. ಪೆಟ್ಟಿಗೆಯನ್ನು ಲಾಯದಿಂದ ತಂದು ಹುಲ್ಲಿನ ಮೇಲಿಟ್ಟಿದ್ದರು. ದೂತರು ಪುಸ್ತಕ ತೆರೆದು ನಿಂತರು.

"ಇನ್ನೊಂದು ಮೊಳ," ಎಂದಳು ರಿಕಿಲ್ದಾ.

ಆಳುಗಳು ಮುಖ ಮುಖ ನೋಡಿಕೊಂಡರು.

"ಇಷ್ಟು ಆಳ ಸಾಕಲ್ಲ ಮಗಳೇ," ಎಂದರು ದೂತರು. "ಈಗ ಇವನು ಸಭೆಯವನು. ಯಾರು ಅಗೀತಾರೆ?"

ಅವಳು ಗುಂಡಿಯ ಸುತ್ತ ನಿಂತವರನ್ನು ನೋಡಿದಳು. ದೂತರು, ಅವರ ಇಬ್ಬರು ಪಾದ್ರಿಗಳು, ಬೋನಾ, ಅಡುಗೆಯವರು. ಕೆಳಗೆ ಮಣ್ಣು ಮೆತ್ತಿಕೊಂಡ ಉಬಾಲ್ದೊ.

"ಆ ಕಡೆಯವರು ಯಾರೂ ನಿಂತಿಲ್ಲ, ಸ್ವಾಮಿಗಳೇ. ಒಬ್ಬ ಇದ್ದ. ಅವನೂ ಈಗ ಈ ಕಡೆ ಬಂದುಬಿಟ್ಟ."

ದೂತರು ಪುಸ್ತಕ ಮುಚ್ಚಿದರು.

"ಕೆಳಗೆ ಬಂಡೆ ಸಿಕ್ಕಿದೆ, ಅತ್ತಿಗೆ," ಎಂದ ಉಬಾಲ್ದೊ.

"ಒಡೀರಿ."

ಹಾರೆ ತರಿಸಿದರು. ಮೊದಲ ಏಟಿಗೆ ಬಂಡೆ ಕಿಡಿ ಹಾರಿಸಿತು, ಅಲುಗಲಿಲ್ಲ. ಉಬಾಲ್ದೊ ಕೈಗೆ ಉಗುಳಿಕೊಂಡು ಮತ್ತೆ ಎತ್ತಿದ. ಸದ್ದು ಕಣಿವೆಯಲ್ಲಿ ಇಳಿದು ಹೋಗುತ್ತಿತ್ತು. ಕೆಳಗಿನ ದಾರಿಯಲ್ಲಿ ಕಾಯಿ ಹೊತ್ತವರು ನಿಂತು ತಲೆಯೆತ್ತಿ ನೋಡಿದರು. ದೂತರು ಚರ್ಚಿನ ಗೋಡೆಯ ಮರೆಗೆ ಹೋಗಿ ಕೂತರು. ರಿಕಿಲ್ದಾ ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ, ಮೇಲಕ್ಕೆ ಬಂದ ಕಲ್ಲುಚೂರುಗಳನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕೆ ಹಾಕತೊಡಗಿದಳು.