ಸುಚೇತಾಳ ಎಂಟು ನಿಮಿಷ

ಲೆಸ್ಟರ್‌ನಲ್ಲಿ ಹುಟ್ಟಿ ಬೆಳೆದ ಸುಚೇತಾ ಬ್ರಿಟಿಷ್ ಸಿನಿಮಾ, ಟಿವಿಗಳಲ್ಲಿ ಮೂವತ್ತೈದು ವರ್ಷ ನಟಿಸಿದ್ದಳು. ನಟಿಸಿದ್ದೇನು ಬಂತು, ಟ್ರೇ ಹಿಡಿದಿದ್ದಳು. ಅಂಗಡಿಯವನ ಹೆಂಡತಿಯಾಗಲಿ, ಮದುಮಗಳ ತಾಯಿಯಾಗಲಿ, ಚಹಾ ತಂದಿಟ್ಟು ಬಾಗಿಲಾಚೆ ಹೋಗಬೇಕು. ಮಾತೆಲ್ಲ ಬೇರೆಯವರದು. ಆ ಸಿಟ್ಟನ್ನು ನುಂಗಿಕೊಂಡೇ ಅವಳಿಗೆ ಅರವತ್ತು ತುಂಬಿತು.

ಅಮೆರಿಕದ ಲೈಲ್ ಊರಿನ ಕನ್ನಡ ಕೂಟದವರು ಯುಗಾದಿಗೆ ಮುಖ್ಯ ಅತಿಥಿಯಾಗಿ ಕರೆದಾಗ ಅವಳು ಕೇಳಿದ್ದು ಒಂದೇ: ವೇದಿಕೆಯ ಮೇಲೆ ಎಂಟು ನಿಮಿಷ. ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದು ದುಡಿದು ಸತ್ತ ಅಮ್ಮನ ಕಥೆಯನ್ನು ತಾನೇ ಕನ್ನಡದಲ್ಲಿ ಬರೆದಿದ್ದಳು. ಮಗಳು ಕನ್ನಡದಲ್ಲಿ ನಟಿಸುವುದನ್ನು ನೋಡಬೇಕೆಂದು ಅಮ್ಮ ಕೊನೆಯವರೆಗೂ ಹೇಳುತ್ತಿದ್ದಳು. ಕೂಟದ ಅಧ್ಯಕ್ಷ ಪ್ರಕಾಶ ಧಾರಾಳವಾಗಿ ಒಪ್ಪಿದ್ದ. ಮೂರು ತಿಂಗಳು ಅವಳು ಕನ್ನಡಿಯ ಮುಂದೆ ನಾಲಿಗೆ ತಿದ್ದಿಕೊಂಡಳು.

ಆದರೆ ಕೂಟವೆಂದರೆ ಕೂಟ. ಪ್ರಾಯೋಜಕರಿಗೆಲ್ಲ ಶಾಲು, ಶಾಲು ಹೊದಿಸಿದವರಿಗೂ ಶಾಲು, ಅದರ ಮೇಲೆ ಮನೆ ಮಾರುವ ಏಜೆಂಟನ ಅರ್ಧ ಗಂಟೆ ಭಾಷಣ. ಸುಚೇತಾಳ ತಲೆಗೆ ಮೈಸೂರು ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ಹೊಡೆಯುವಷ್ಟರಲ್ಲಿ ಮಧ್ಯಾಹ್ನ ಒಂದೂವರೆ. ಪ್ರಕಾಶ ಅವಳ ಕಿವಿಯ ಹತ್ತಿರ ಬಗ್ಗಿದ.

“ಮೇಡಂ, ಊಟ ರೆಡಿ ಇದೆ. ಮೂರಕ್ಕೆ ಹಾಲ್ ಖಾಲಿ ಮಾಡ್ಬೇಕು. ಎರಡೇ ಮಾತಲ್ಲಿ ಥ್ಯಾಂಕ್ಸ್ ಹೇಳ್ಬಿಡಿ.”

ಆ ಎರಡು ಮಾತನ್ನೂ ಆಡದೆ ಅವಳು ವೇದಿಕೆ ಇಳಿದಳು. ಮೈಯೆಲ್ಲ ಉರಿಯುತ್ತಿತ್ತು. ಅಲ್ಲಿ ಸಿನಿಮಾದವರು ಬಾಯಿ ಕಟ್ಟಿದರು, ಹಾಳಾಗಿ ಹೋಗಲಿ. ನಮ್ಮವರೂ ಪೇಟ ತೊಡಿಸಿ ಬಾಯಿ ಕಟ್ಟಬೇಕೇ?

ಊಟದ ಕೋಣೆಯಲ್ಲಿ ಜನ ತಟ್ಟೆ ಹಿಡಿದು ಸಾಲುಗಟ್ಟಿದ್ದರು. ಬಡಿಸಲು ಒಂದು ಕೈ ಕಡಿಮೆಯಿತ್ತು. ಸುಚೇತಾ ಪೇಟದಲ್ಲೇ ಹೋಗಿ ಬಿಸಿಬೇಳೆಬಾತಿನ ಪಾತ್ರೆಯ ಹಿಂದೆ ನಿಂತು ಸೌಟು ಎತ್ತಿಕೊಂಡಳು. ಮುಚ್ಚಳ ಮಾತ್ರ ತೆಗೆಯಲಿಲ್ಲ.

“ಎಂಟು ನಿಮಿಷ ಕೇಳಿ. ಆಮೇಲೆ ಬಡಿಸ್ತೀನಿ,” ಎಂದಳು.

ಪ್ರಕಾಶ ಓಡಿ ಬಂದ. ಸಾಲಿನ ಮುಂದಿದ್ದವಳು ದೇವಮ್ಮ, ಹತ್ತಿರದ ಪ್ಲೇನ್‌ಫೀಲ್ಡ್‌ನಲ್ಲಿರುವ ಮಗಳ ಮನೆಗೆ ಮಂಡ್ಯದಿಂದ ಬಂದ ಮುದುಕಿ. ಖಾಲಿ ತಟ್ಟೆಯನ್ನು ಅವನಿಗೆ ಅಡ್ಡ ಹಿಡಿದಳು.

“ಸುಮ್ಕಿರಪ್ಪ. ಅನ್ನ ಎಲ್ಲೂ ಓಡೋಗಲ್ಲ. ನೀನ್ ಹೇಳವ್ವ.”

ಸುಚೇತಾ ಹೇಳಿದಳು. ಎಂಟು ನಿಮಿಷ ಹದಿಮೂರಾಯಿತು. ಸಾಲಿನಲ್ಲಿ ಒಬ್ಬರೂ ಕದಲಲಿಲ್ಲ. ದೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಸುಚೇತಾ ಮುಚ್ಚಳ ತೆಗೆದು ಮೊದಲು ಅವಳಿಗೇ ಬಡಿಸಿದಳು. ಹಿಂದೆಯೇ ಪ್ರಕಾಶ ತಟ್ಟೆ ಚಾಚಿದ. ಅವಳು ಸೌಟನ್ನು ಅವನ ಕೈಗೇ ಕೊಟ್ಟಳು.

“ಇನ್ನು ನೀವು ಬಡಿಸಿ, ಪ್ರಕಾಶ್. ನಾನು ಮೂವತ್ತೈದು ವರ್ಷ ಬಡಿಸಿ ಆಯ್ತು.”